ಕುಮಾರಪರ್ವತ: ಇಳಿಯುವ ಲೆಕ್ಕದಿಂದ ಶುರು ಮಾಡಿ

ಕುಮಾರಪರ್ವತಕ್ಕೆ ಹೋಗಬೇಕು ಎಂದು ಫೋನ್ ಮಾಡುವ ಪರಿಚಯದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಹತ್ತೋಕೆ ಎಷ್ಟು ಗಂಟೆ ಬೇಕು?’ ಇಳಿಯೋಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದವರು ನನ್ನ ನೆನಪಿನಲ್ಲಿ ಇಬ್ಬರೋ ಮೂವರೋ ಇರಬಹುದು. ಈ ಬೆಟ್ಟ ಜನರನ್ನು ಸೋಲಿಸುವುದೇ ಇಳಿಜಾರಿನಲ್ಲಿ. ಮಂಡಿ ಹಿಡಿಯುವುದು, ಪಾದ ಹೊರಳುವುದು, ನೀರು ಮುಗಿಯುವುದು, ಕಾಡಿನೊಳಗೆ ಕತ್ತಲಾಗುವುದು ಬಹುಪಾಲು ಶಿಖರದಲ್ಲಿ ಫೋಟೊ ತೆಗೆಸಿಕೊಂಡು ವಾಪಸ್ ಹೊರಟ ಮೇಲೆ. ಅದಕ್ಕೇ ಇಲ್ಲಿ ಚಾರಣದ ತಯಾರಿಯನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಮನೆಗೆ ಮರಳುವ ಕಡೆಯಿಂದ ಹೇಳುತ್ತೇನೆ.

ಬೆಟ್ಟದ ಎತ್ತರ 1,712 ಮೀಟರ್. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರ. ಕೊಡಗಿನವರಿಗೆ ಇದು ಪುಷ್ಪಗಿರಿ, ಘಟ್ಟದ ಕೆಳಗಿನವರಿಗೆ ಕುಮಾರಪರ್ವತ. ತಾರಕಾಸುರನನ್ನು ಕೊಂದು ಬಂದ ಕುಮಾರಸ್ವಾಮಿಗೆ ಇಂದ್ರ ತನ್ನ ಮಗಳು ದೇವಸೇನೆಯನ್ನು ಧಾರೆ ಎರೆದುಕೊಟ್ಟ ಜಾಗ ಇದೇ ಎಂಬ ನಂಬಿಕೆ ಕುಕ್ಕೆಯಲ್ಲಿದೆ. ಇಲ್ಲಿ ಹುಟ್ಟಿದ ಕುಮಾರಧಾರಾ ಸೋಮವಾರಪೇಟೆ ಕಡೆ ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಇದೂ ಒಂದು.

ಎರಡು ದಾರಿ, ಎರಡು ಲೆಕ್ಕ

ಮೊದಲನೆಯದು ಕುಕ್ಕೆ ಸುಬ್ರಹ್ಮಣ್ಯದ ದಾರಿ. ದೇವಸ್ಥಾನದಿಂದ ದೇವರಗದ್ದೆಗೆ ಹೋಗಿ, ಅಲ್ಲಿಂದ ದಟ್ಟ ಕಾಡಿನಲ್ಲಿ ಏರಿ, ಗಿರಿಗದ್ದೆಯ ಭಟ್ಟರ ಮನೆ, ಕಲ್ಲುಮಂಟಪ, ಶೇಷಪರ್ವತ ದಾಟಿ ಶಿಖರ. ಒಂದು ಕಡೆಗೆ ಸುಮಾರು 13 ಕಿಲೊಮೀಟರ್. ಕುಕ್ಕೆ ಘಟ್ಟದ ಬುಡದಲ್ಲಿರುವುದರಿಂದ ಏರಬೇಕಾದ ಎತ್ತರ 1,500 ಮೀಟರಿಗೂ ಹೆಚ್ಚು. ಮಹಡಿಯೊಂದಕ್ಕೆ ಮೂರು ಮೀಟರ್ ಎಂದು ಹಿಡಿದರೆ ಐನೂರು ಮಹಡಿ ಹತ್ತಿದಂತೆ. ಅಷ್ಟನ್ನೂ ಇಳಿಯಬೇಕು ಎಂಬುದನ್ನು ಮರೆಯಬೇಡಿ.

ಎರಡನೆಯದು ಸೋಮವಾರಪೇಟೆಯ ಕಡೆಯ ಬೀದಳ್ಳಿ ದಾರಿ. ಘಟ್ಟದ ಮೇಲಿನಿಂದಲೇ ಶುರುವಾಗುವುದರಿಂದ ದೂರ ಅರ್ಧಕ್ಕೆ ಇಳಿಯುತ್ತದೆ, ಒಂದು ಕಡೆಗೆ ಏಳು ಕಿಲೊಮೀಟರಿನ ಆಸುಪಾಸು. ದೂರ ಕಡಿಮೆ ಎಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬಾರದು. ಹೆಚ್ಚಿನ ಹಾದಿ ಮರಗಳ ನಡುವೆಯೇ ಕಡಿದಾಗಿ ಏರುತ್ತದೆ, ಶಿಖರದ ಹತ್ತಿರ ಬೋಳು ಬಂಡೆಗಳ ಮೇಲೆ ನಡೆಯಬೇಕು.

ಈಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಕಾಡಿನೊಳಗೆ ಅದಕ್ಕಿಂತ ಬೇಗ ಮಸುಕಾಗುತ್ತದೆ. ಹಾಗಾಗಿ ಸಂಜೆ ಐದಕ್ಕೆ ನೀವು ಕಾಡಿನಿಂದ ಹೊರಗೆ ಇರಬೇಕು. ಐದರಿಂದ ಇಳಿಯುವ ಗಂಟೆಗಳನ್ನು ಕಳೆಯಿರಿ. ಬೀದಳ್ಳಿಗೆ ಇಳಿಯಲು ಸಾಧಾರಣ ನಡಿಗೆಯವರಿಗೆ ನಾಲ್ಕು ಗಂಟೆ ಸಾಕು. ಅಂದರೆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲೇ ಇದ್ದರೂ ತಿರುಗಬೇಕು. ಬೆಳಿಗ್ಗೆ ಆರೂವರೆಗೆ ಹೊರಟು ಐದು ಗಂಟೆ ಏರಿದರೆ ಹನ್ನೊಂದೂವರೆಗೆ ಶಿಖರ. ಒಂದೂವರೆ ಗಂಟೆ ಕೈಯಲ್ಲಿ ಉಳಿಯಿತು.

ಇದೇ ಲೆಕ್ಕವನ್ನು ಕುಕ್ಕೆಗೆ ಹಾಕಿ. ಇಳಿಯಲು ಆರು ಗಂಟೆ ಹಿಡಿಯಿರಿ, ಹನ್ನೊಂದಕ್ಕೆ ಶಿಖರ ಬಿಡಬೇಕಾಗುತ್ತದೆ. ಏರಲು ಏಳು ಗಂಟೆ ಬೇಕು ಎಂದಾದರೆ ಬೆಳಗಿನ ಜಾವ ನಾಲ್ಕಕ್ಕೇ ಕಾಡು ಹೊಗಬೇಕು. ಆ ಹೊತ್ತಿಗೆ ಯಾರೂ ಒಳಗೆ ಬಿಡುವುದಿಲ್ಲ, ಬಿಡಲೂಬಾರದು, ಅದು ಆನೆಗಳು ಓಡಾಡುವ ಕಾಡು. ಒಂದೇ ದಿನದಲ್ಲಿ ಕುಕ್ಕೆಯಿಂದ ಹೋಗಿ ಬಂದೆವು ಎನ್ನುವವರು ಇದ್ದಾರೆ, ಸುಳ್ಳಲ್ಲ. ಅವರು ವರ್ಷವಿಡೀ ಓಡುವವರು, ಬೆಟ್ಟ ಹತ್ತುವವರು. ವಾರವಿಡೀ ಕುರ್ಚಿಯಲ್ಲಿ ಕೂರುವ ನಮ್ಮಂಥವರಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಇನ್ನೊಂದು ಸಲಹೆಯೂ ನಿಮ್ಮ ಕಿವಿಗೆ ಬೀಳುತ್ತದೆ: ‘ಬೀದಳ್ಳಿಯಿಂದ ಹತ್ತಿ, ಕುಕ್ಕೆಗೆ ಇಳೀರಿ, ಸುಲಭ.’ ನನಗೆ ಇದು ಒಪ್ಪಿಗೆ ಇಲ್ಲ. ಹತ್ತುವ ಶ್ರಮ ಕಡಿಮೆಯಾಯಿತು ನಿಜ, ಆದರೆ ದಣಿದ ಕಾಲಿಗೆ 13 ಕಿಲೊಮೀಟರಿನ ಇಳಿಜಾರು ಒಪ್ಪಿಸಿದಂತಾಯಿತು. ಬಂದ ವಾಹನವೂ ಬೆಟ್ಟದ ಆಚೆ ಬದಿಯಲ್ಲೇ ಉಳಿಯುತ್ತದೆ. ಮೊದಲ ಸಲ ಹೋಗುವವರು ಬೀದಳ್ಳಿಯಿಂದಲೇ ಹತ್ತಿ ಅಲ್ಲಿಗೇ ಇಳಿಯಿರಿ. ಕುಕ್ಕೆಯ ದಾರಿ ನೋಡಲೇಬೇಕು ಎಂದರೆ ಗಿರಿಗದ್ದೆಯವರೆಗೆ ಹೋಗಿ ಬನ್ನಿ. ಮರಗಳ ನೆರಳಿನಿಂದ ಹೊರಬಿದ್ದು ಹುಲ್ಲುಗುಡ್ಡಗಳನ್ನು ಕಾಣುವ ಸುಖ ಅಷ್ಟಕ್ಕೇ ದಕ್ಕುತ್ತದೆ.

ಅನುಮತಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟಕ್ಕೆ ಸಾವಿರಾರು ಮಂದಿ ಒಟ್ಟಿಗೇ ಬಂದು, ಕಾಲಿಡಲು ಜಾಗವಿಲ್ಲದ ಸಾಲಿನ ದೃಶ್ಯಗಳು ಎಲ್ಲರ ಮೊಬೈಲಿನಲ್ಲೂ ಹರಿದಾಡಿದವು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇದೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಸಾಧ್ಯವಾದರೆ ವಾರದ ನಡುವೆ ಹೋಗಿ. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ಯಾವ ದಾರಿ ತೆರೆದಿದೆ, ರಾತ್ರಿ ತಂಗಲು ಅವಕಾಶ ಇದೆಯೇ ಎಂಬುದನ್ನು ಟಿಕೆಟ್ ಮಾಡುವಾಗಲೇ ಖಚಿತ ಮಾಡಿಕೊಳ್ಳಿ, ಹಳೆಯ ವಿಡಿಯೊಗಳನ್ನು ನಂಬಿ ಡೇರೆ ಹೊತ್ತುಕೊಂಡು ಹೊರಡಬೇಡಿ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ. ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ, ಅದರಲ್ಲೂ ಡಿಸೆಂಬರ್.

ಕಾಲನ್ನು ಇಳಿಯಲು ಕಲಿಸುವುದು

ಹೊರಡುವ ಒಂದು ತಿಂಗಳ ಮೊದಲೇ ಇದು ಶುರುವಾಗಬೇಕು. ಬಹಳ ಮಂದಿ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಅಭ್ಯಾಸ ಮಾಡುತ್ತಾರೆ, ಇಳಿಯಲು ಲಿಫ್ಟ್ ಹಿಡಿಯುತ್ತಾರೆ. ಆಗಬೇಕಾದದ್ದು ತಿರುಗಾಮುರುಗಾ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ದೇಹವನ್ನು ಎತ್ತುತ್ತದೆ, ಉಸಿರು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆಹಿಡಿಯಬೇಕು, ಬ್ರೇಕ್ ಒತ್ತಿಕೊಂಡೇ ಗಾಡಿ ಇಳಿಸಿದ ಹಾಗೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತವೆ, ತೊಡೆ ನಡುಗಲು ಶುರುವಾಗುತ್ತದೆ. ತೊಡೆ ಸೋತ ಮೇಲೆ ಹೊಡೆತವೆಲ್ಲ ಮಂಡಿಗೆ.

ವಾರಕ್ಕೆ ಮೂರು ದಿನ ಹತ್ತಿಪ್ಪತ್ತು ಮಹಡಿ ನಿಧಾನವಾಗಿ ಇಳಿಯಿರಿ, ಪ್ರತಿ ಮೆಟ್ಟಿಲಿಗೂ ಒಂದು ಕ್ಷಣ ತಡೆದು. ಕೊನೆಯ ಎರಡು ವಾರ ಬೆನ್ನಿಗೆ ನಾಲ್ಕೈದು ಕೆ.ಜಿ. ಚೀಲ ಹಾಕಿಕೊಳ್ಳಿ. ಮಂಡಿ ನೋವು ಮೊದಲೇ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ.

ಬೆಟ್ಟದಲ್ಲಿ ಹೇಗೆ ಇಳಿಯಬೇಕು ಎಂಬುದನ್ನು ನಾನು ಕಲಿತದ್ದು ಬೀದಳ್ಳಿ ಕಡೆಯ ದಾರಿಯಲ್ಲಿ ಮುಂದೆ ನಡೆಯುತ್ತಿದ್ದ ಹಿರಿಯರೊಬ್ಬರ ಕಾಲು ನೋಡಿ. ಅರವತ್ತು ದಾಟಿದ ವಯಸ್ಸು, ಕೈಯಲ್ಲಿ ಕಾಡುಕೋಲು. ಅವರು ನೇರ ಇಳಿಯುತ್ತಲೇ ಇರಲಿಲ್ಲ. ಪಾದ ಸ್ವಲ್ಪ ಓರೆ, ಮಂಡಿ ಸ್ವಲ್ಪ ಬಾಗಿ, ಹೆಜ್ಜೆ ನಮ್ಮ ಹೆಜ್ಜೆಯ ಅರ್ಧ. ಮೊದಲು ಕೋಲು ಕೆಳಗೆ ಊರುತ್ತಿದ್ದರು, ಆಮೇಲೆ ಕಾಲು. ಬೇರಿನ ಮೇಲೆ ಒಮ್ಮೆಯೂ ಕಾಲಿಡಲಿಲ್ಲ, ಬೇರು ಬೇರಿನ ನಡುವಿನ ಮಣ್ಣನ್ನೇ ಹುಡುಕಿ ಮೆಟ್ಟುತ್ತಿದ್ದರು. ನಾವು ನಾಲ್ವರು ಜಾರಿ, ಹಿಡಿದು, ಮತ್ತೆ ಜಾರಿ ಬರುವಷ್ಟರಲ್ಲಿ ಅವರು ಕೆಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ‘ಓಡಬೇಡಿ ಸಾರ್, ಬೆಟ್ಟ ಎಲ್ಲಿಗೂ ಹೋಗಲ್ಲ’ ಎಂದರು.

ಕೋಲು ಅಥವಾ ಚಾರಣದ ಊರುಗೋಲು ಕಡ್ಡಾಯ ಎಂದೇ ತಿಳಿಯಿರಿ. ಶೂ ಕನಿಷ್ಠ ಮೂವತ್ತು ಕಿಲೊಮೀಟರ್ ನಡೆದು ಪಳಗಿರಬೇಕು. ಹಿಂದಿನ ದಿನ ಕಾಲುಗುರು ಕತ್ತರಿಸಿ. ಶಿಖರದಲ್ಲಿ ಕೂತಾಗ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಮತ್ತೆ ಕಟ್ಟಿ. ಇಲ್ಲವಾದರೆ ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ.

ಚೀಲದೊಳಗೆ

ತಲಾ ಮೂರು ಲೀಟರ್ ನೀರು. ಕುಕ್ಕೆಯ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲು. ಕಲ್ಲುಮಂಟಪದ ಬಳಿ ಸಣ್ಣ ತೊರೆ ಇದೆ, ಬೇಸಿಗೆ ಹತ್ತಿರವಾದಂತೆ ಅದನ್ನು ನೆಚ್ಚುವಂತಿಲ್ಲ. ಒಂದು ಲೀಟರನ್ನು ಇಳಿಯುವುದಕ್ಕೆಂದೇ ಚೀಲದ ತಳದಲ್ಲಿಡಿ, ಶಿಖರದವರೆಗೆ ಮುಟ್ಟಬೇಡಿ. ಓಆರ್‌ಎಸ್ ಎರಡು ಪೊಟ್ಟಣ. ಊಟಕ್ಕೆ ಚಪಾತಿ, ಚಟ್ನಿಪುಡಿ, ಸೌತೆಕಾಯಿ. ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಕಡಲೆಬೀಜ, ಬೆಲ್ಲ, ಮೂಸಂಬಿ. ತಲೆಗೆ ಕಟ್ಟುವ ಟಾರ್ಚು ಇರಲೇಬೇಕು, ಮೊಬೈಲಿನ ಬೆಳಕು ಹಿಡಿದರೆ ಒಂದು ಕೈ ಹೋದಂತೆ. ಸಿಪ್ಪೆ, ಪೊಟ್ಟಣ ತುಂಬಿಕೊಂಡು ಬರಲು ಒಂದು ಖಾಲಿ ಚೀಲ.

ಉಂಬಳಗಳಿಗೆ ಹೆದರಬೇಕಿಲ್ಲ. ಮಳೆ ನಿಂತ ಹೊಸತರಲ್ಲಿ, ಅಕ್ಟೋಬರಿನಲ್ಲಿ, ಕಾಡಿನ ಒದ್ದೆ ಎಲೆಗಳಲ್ಲಿ ಇದ್ದೇ ಇರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಹತ್ತಿದರೆ ಉಪ್ಪು ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಬೆರಳಿನ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಾಯಿ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದ ಕೆಲಸ ಅದು. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ದಾರಿಯಲ್ಲಿ ಎಲ್ಲಿ ಎಚ್ಚರ

ಕುಕ್ಕೆ ಕಡೆ ಮೊದಲ ಮೂರ್ನಾಲ್ಕು ಕಿಲೊಮೀಟರ್ ಕಾಡು, ಬೇರುಗಳೇ ಮೆಟ್ಟಿಲು. ನಡುವೆ ಭೀಮನ ಬಂಡೆ ಸಿಗುತ್ತದೆ, ಅಲ್ಲಿ ಕೂತು ಉಸಿರು ತಹಬಂದಿಗೆ ತಂದುಕೊಳ್ಳಿ. ಬೆಳಗಿನ ಹೊತ್ತು ಇಲ್ಲಿ ಮಲಬಾರ್ ಸಿಳ್ಳಾರ ಹಕ್ಕಿಯ ಸಿಳ್ಳು ಕೇಳಿಸುತ್ತದೆ, ದಾರಿಹೋಕ ಹುಡುಗನೊಬ್ಬ ರಾಗ ಮರೆತು ಮರೆತು ಹಾಡಿದಂತೆ. ಗಿರಿಗದ್ದೆಯ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ಅನ್ನ ಹಾಕಿದ ಮನೆ, ಅದು ಹೋಟೆಲಲ್ಲ. ಊಟ ಬೇಕಿದ್ದರೆ ಮೊದಲೇ ತಿಳಿಸಿ, ಬಡಿಸಿದ್ದನ್ನು ಬಿಡಬೇಡಿ.

ಕಲ್ಲುಮಂಟಪದಿಂದ ಶೇಷಪರ್ವತದವರೆಗಿನ ಏರು ಇಡೀ ದಾರಿಯಲ್ಲೇ ಕಠಿಣ. ಶೇಷಪರ್ವತ ಮುಟ್ಟಿದವರು ಇದೇ ತುದಿ ಅಂದುಕೊಳ್ಳುತ್ತಾರೆ. ಕುಮಾರಪರ್ವತ ಇನ್ನೂ ಆಚೆ ಇದೆ. ಇಲ್ಲಿಂದ ಒಂದು ಶೋಲಾ ಕಾಡಿಗೆ, ಅಂದರೆ ಹುಲ್ಲುಬೆಟ್ಟಗಳ ಮಡಿಕೆಯಲ್ಲಿ ಬೆಳೆಯುವ ದಟ್ಟ ಕಾಡಿನ ತುಂಡಿಗೆ ಇಳಿದು, ಬಂಡೆ ಏರಿ ಅಲ್ಲಿಗೆ ಹೋಗಬೇಕು. ನನ್ನ ಮೊದಲ ಚಾರಣದಲ್ಲಿ ನಾವು ಶೇಷಪರ್ವತಕ್ಕೆ ಬಂದಾಗ ಮಧ್ಯಾಹ್ನ ಎರಡೂಕಾಲು. ಇಷ್ಟು ಬಂದು ಹಾಗೇ ಹೋಗುವುದೇ ಎಂದು ಮುಂದೆ ಹೋದೆವು. ವಾಪಸ್ ಬರುವಾಗ ಗೆಳೆಯನ ಬಲ ಮಂಡಿ ಹಿಡಿದುಕೊಂಡಿತು. ಗಿರಿಗದ್ದೆ ತಲುಪಿದಾಗ ಪೂರ್ತಿ ಕತ್ತಲು, ಒಂದೇ ಟಾರ್ಚು, ಅದರ ಬೆಳಕೂ ಹಳದಿಯಾಗಿತ್ತು. ಅವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು ಆ ಹುಲ್ಲಿನ ಏಣಿನಲ್ಲಿ ಇಳಿದ ಮೂರು ಗಂಟೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ತಿರುಗುವ ಗಂಟೆಯನ್ನು ಮನೆಯಲ್ಲೇ ನಿರ್ಧರಿಸಿ, ತಂಡದ ಎಲ್ಲರಿಗೂ ಹೇಳಿ ಎಂದು ನಾನು ಒತ್ತಿ ಒತ್ತಿ ಹೇಳುವುದು ಆ ರಾತ್ರಿಯ ಕಾರಣಕ್ಕೆ. ಶಿಖರ ಕಾಣುತ್ತಿರುವಾಗ ತೀರ್ಮಾನ ಮಾಡಲು ಹೋದರೆ ಮನಸ್ಸು ಕೇಳುವುದಿಲ್ಲ.

ಬೀದಳ್ಳಿ ಕಡೆ ಎಚ್ಚರ ಬೇಕಾದದ್ದು ಶಿಖರದ ಕೆಳಗಿನ ಹಾಸುಬಂಡೆಗಳಲ್ಲಿ. ಮಳೆ ನಿಂತು ತಿಂಗಳಾದರೂ ಕೆಲವು ಕಡೆ ತೆಳುವಾಗಿ ನೀರು ಜಿನುಗುತ್ತಿರುತ್ತದೆ, ಕಪ್ಪು ಪಾಚಿ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಸೋಪು. ಬಂಡೆಯ ಬಿಳಿಚಿದ ಭಾಗದಲ್ಲೇ ಹೆಜ್ಜೆ ಇಡಿ. ಇಳಿಯುವಾಗ ನಾಚಿಕೆಪಡದೆ ಕೂತು, ಅಂಗೈ ಊರಿ ಜಾರಿಕೊಂಡು ಬನ್ನಿ.

ಮೇಲೆ ಕಲ್ಲಿನ ಪುಟ್ಟ ಗುಡಿ ಇದೆ, ಗಾಳಿ ಇದೆ, ಮೋಡ ಸರಿದರೆ ಸುತ್ತಲೂ ಹುಲ್ಲುಬೆಟ್ಟಗಳ ಮಡಿಕೆಗಳು, ಆ ಮಡಿಕೆಗಳಲ್ಲಿ ಕಡುಹಸಿರು ಶೋಲಾ ತುಂಡುಗಳು. ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಕುಮಾರಧಾರೆಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ. ಹುಲ್ಲಿನ ಮೇಲೆ ಹೊಸ ಕಾಲುದಾರಿ ಮಾಡಬೇಡಿ, ಒಬ್ಬರು ಅಡ್ಡದಾರಿ ಹಿಡಿದಲ್ಲಿ ಮುಂದಿನ ಮಳೆಗೆ ಕೊರಕಲು ಬೀಳುತ್ತದೆ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಚೀಲದಲ್ಲೇ ಬೇಡ.

ಕೆಳಗೆ ಬಂದ ಮೇಲೆ

ಶೂ ಬಿಚ್ಚಿ, ಕಾಲುಚೀಲ ತಿರುಗಿಸಿ ಉಂಬಳ ನೋಡಿಕೊಳ್ಳಿ. ಕುಕ್ಕೆಗೆ ಇಳಿದವರು ಕುಮಾರಧಾರಾ ಸ್ನಾನಘಟ್ಟದಲ್ಲಿ ಮಂಡಿಯವರೆಗೆ ಹದಿನೈದು ನಿಮಿಷ ನೀರಿನಲ್ಲಿ ನಿಂತರೆ ಊತ ಇಳಿಯುತ್ತದೆ. ರೈಲಿಗೆ ಹೋಗುವವರಿಗೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ದೇವಸ್ಥಾನದಿಂದ ಹನ್ನೆರಡು ಕಿಲೊಮೀಟರ್, ಆ ಸಮಯವನ್ನೂ ಸೇರಿಸಿಕೊಳ್ಳಿ. ಬೀದಳ್ಳಿಗೆ ಇಳಿದವರು ಅಂದೇ ರಾತ್ರಿ ಬೆಂಗಳೂರಿಗೆ ತಾವೇ ಗಾಡಿ ಓಡಿಸುವ ಯೋಚನೆ ಬಿಟ್ಟುಬಿಡಿ, ಸೋಮವಾರಪೇಟೆಯಲ್ಲೋ ಕುಶಾಲನಗರದಲ್ಲೋ ಮಲಗಿ ಬೆಳಿಗ್ಗೆ ಹೊರಡಿ. ತೊಡೆಯ ನೋವು ಮರುದಿನಕ್ಕಿಂತ ಅದರ ಮರುದಿನ ಹೆಚ್ಚು. ಭಾನುವಾರ ಇಳಿದವರು ಸೋಮವಾರದ ಜೊತೆಗೆ ಮಂಗಳವಾರಕ್ಕೂ ರಜೆ ಬರೆದಿಡಿ.