ರಹಸ್ಯ ಕಡತ ಕೈಗೆ ಬಂದರೆ

ವಿಧಾನಸೌಧದ ಸುದ್ದಿ ಮಾಡುವ ವರದಿಗಾರ ಹುಡುಗರಿಗೆ ನಾನು ಮೊದಲು ಹೇಳುವುದು: ಕಡತ ಸಿಕ್ಕ ಖುಷಿಯಲ್ಲಿ ಫೋಟೊ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಂಚಿನ ಟಿಪ್ಪಣಿ, ಹಸಿರು ಶಾಯಿಯ ಸಹಿ, ಮೂಲೆಯ ಜೆರಾಕ್ಸ್ ಕಲೆ ಇಷ್ಟೇ ಸಾಕು, ಕೊಟ್ಟವರು ಸಿಕ್ಕಿಬೀಳುತ್ತಾರೆ. ಓದಿ, ಬೇರೆ ಕಡೆ ಖಚಿತಪಡಿಸಿಕೊಂಡು, ನಿಮ್ಮ ಮಾತಲ್ಲೇ ಬರೆಯಿರಿ.

1923ರ ಅಧಿಕೃತ ರಹಸ್ಯ ಕಾಯ್ದೆಯ 5ನೇ ಸೆಕ್ಷನ್‌ನಡಿ, ಗೊತ್ತಿದ್ದೂ ಪಡೆದವರಿಗೂ 3 ವರ್ಷದವರೆಗೆ ಜೈಲಾಗಬಹುದು. ಅಚ್ಚಿಗೆ ಮುಂಚೆ ವಕೀಲರಿಗೆ ತೋರಿಸಿ. 2019ರಲ್ಲಿ ರಫೇಲ್ ಯುದ್ಧವಿಮಾನ ಖರೀದಿಯ ಸೋರಿದ ದಾಖಲೆಗಳನ್ನು ಪರಿಗಣಿಸಬಾರದೆಂಬ ಕೇಂದ್ರದ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ನಿಜ. ಅದನ್ನೇ ನೆಚ್ಚಿ ಕೂರುವುದು ಹುಂಬತನ.

ಪುರುಸೊತ್ತಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಅರ್ಜಿ ಹಾಕಿ. ಸಾರ್ವಜನಿಕ ಹಿತ ದೊಡ್ಡದಾದರೆ ರಹಸ್ಯ ಕಾಯ್ದೆಯಿದ್ದರೂ ಮಾಹಿತಿ ಕೊಡಬಹುದೆಂದು ಆರ್‌ಟಿಐ ಕಾಯ್ದೆಯ ಸೆಕ್ಷನ್ 8(2) ಹೇಳುತ್ತದೆ. ಆದರೆ ಕೈಗೆ ಸಿಕ್ಕ ಅದೇ ಪುಟ ಕೇಳಬೇಡಿ, ಅನುಮಾನ ಬರುತ್ತದೆ. ಇಡೀ ವರ್ಷದ ಪತ್ರವ್ಯವಹಾರ ಕೇಳಿ.