ಸಾಮ್ರಾಜ್ಯದ ಪತನವನ್ನು ನಾಣ್ಯದಲ್ಲಿ ಓದುವ ಬಗೆ

ಬಸವನಗುಡಿಯ ನನ್ನ ಮನೆಪಾಠದಲ್ಲಿ ರಾಜರ ಪಟ್ಟಿಗೆ ಜಾಗವಿಲ್ಲ. ಮೊದಲು ನಾಣ್ಯ ನೋಡಿ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ದಿನಾರಿಯಸ್ ನಾಣ್ಯ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಕ್ರಿ.ಶ. 260ರ ದಶಕದ ಕೊನೆಗೆ ರೋಮಿನ ‘ಬೆಳ್ಳಿ’ ನಾಣ್ಯದಲ್ಲಿ ಬೆಳ್ಳಿ ಶೇ. 5ಕ್ಕೂ ಕಡಿಮೆ, ಉಳಿದದ್ದು ಬಹುಪಾಲು ತಾಮ್ರ.

ಬೆಳ್ಳಿ ಎಲ್ಲಿ ಹೋಯಿತೆಂದು ಕೇಳಿಕೊಳ್ಳಿ. ಚಕ್ರವರ್ತಿ ಸೆವೆರಸ್ ಸೈನಿಕರ ಸಂಬಳ ಏರಿಸಿದ, ಮಗ ಕಾರಕಲ್ಲಾ ಮತ್ತೂ ಏರಿಸಿದ. ಖಜಾನೆ ಬೆಳೆಯಲಿಲ್ಲ, ನಾಣ್ಯ ಕಲಬೆರಕೆಯಾಯಿತು.

ಇದನ್ನೇ ಎಲ್ಲೆಡೆ ಅಂಟಿಸಬೇಡಿ, ಮಾರಾಯರೇ! ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂ ಏಳನೆಯ ಶತಮಾನದಲ್ಲಿ ಈಜಿಪ್ಟನ್ನು ಕಳೆದುಕೊಂಡಾಗಲೂ ಅದರ ಚಿನ್ನದ ನಾಣ್ಯ ಕೆಟ್ಟಿರಲಿಲ್ಲ.

ಪತನಕ್ಕೆ ಒಂದೇ ಇಸವಿ ಬರೆದರೆ ನಾನು ಅಂಕ ಕೊಡುವುದಿಲ್ಲ. 1565ರ ತಾಳಿಕೋಟೆಯ ಸೋಲಿನ ನಂತರವೂ ವಿಜಯನಗರದ ಅರವೀಡು ಅರಸರು ಪೆನುಗೊಂಡೆಯಿಂದ ಆಳಿದರು. ಹೊಡೆತ, ಹಿಂಜರಿತ, ಕೊನೆ ಎಂದು ಮೂರು ಕಾಲಂ ಹಾಕಿ ತುಂಬಿ.