ಸೈನಿಕ ಮನೆತನದ ಹೆಂಗಸರ ಚರಿತ್ರೆಯನ್ನು ದಾಖಲಿಸುವ ಬಗೆ

ಕೊಡಗಿನ ಎಷ್ಟೋ ಮನೆಗಳ ಗೋಡೆಗಳಲ್ಲಿ ಸಮವಸ್ತ್ರ ತೊಟ್ಟ ಗಂಡಸರ ಚಿತ್ರಗಳಿವೆ. ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ಅಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಗಂಡ ಗಡಿಯಲ್ಲಿದ್ದಾಗ ಗದ್ದೆಯ ನಾಟಿ ಮಾಡಿಸಿದವರಾರು, ಸಾಲದ ಪತ್ರಕ್ಕೆ ಸಹಿ ಹಾಕಿದವರಾರು ಎಂಬುದನ್ನು ಬರೆದಿಟ್ಟವರು ಕಡಿಮೆ.

ಮಾತಿಗೆ ಕೂರುವ ಮೊದಲು ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಸೇವಾ ದಾಖಲೆ), ಪಿಂಚಣಿ ಆದೇಶ, ಮನಿಯಾರ್ಡರ್ ರಸೀದಿ, ಹಳೆಯ ಕಾಗದಗಳನ್ನು ಹುಡುಕಿಕೊಳ್ಳಿ. ಹಾಳೆಯ ಒಂದು ಬದಿಯಲ್ಲಿ ಗಂಡನ ವರ್ಗಾವಣೆಗಳನ್ನೂ ಇನ್ನೊಂದು ಬದಿಯಲ್ಲಿ ಆಕೆಯ ಹೆರಿಗೆ, ಬಿಟ್ಟ ಕೆಲಸ, ಮಕ್ಕಳ ಶಾಲೆ ಬದಲಾವಣೆಗಳನ್ನೂ ಬರೆದುಕೊಂಡರೆ ಅರ್ಧ ಕತೆ ಅಲ್ಲೇ ಕಾಣುತ್ತದೆ.

ಅಜ್ಜಿಯನ್ನು ಇಸವಿ ಕೇಳಬೇಡಿ. ಅದು ಕೈಲ್‌ಮುಹೂರ್ತ ಹಬ್ಬದ ಮುಂಚೆಯೋ, ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೋ, ಕಾಫಿ ಕೊಯ್ಲಿನ ಹೊತ್ತಿಗೋ ಎಂದು ಕೇಳಿ. ಅವರ ಮನೆಮಾತು ಕೊಡವ ತಕ್ಕ್ ಆಗಿದ್ದರೆ ಆ ಮಾತಿನಲ್ಲೇ ಕೇಳುವುದು ಒಳ್ಳೆಯದು. ಮೊದಲು ಬರುವ ಉತ್ತರ ಹೆಮ್ಮೆಯದ್ದಾಗಿರುತ್ತದೆ. ಅದನ್ನು ತಡೆಯದೆ ಪೂರ್ತಿ ಕೇಳಿಸಿಕೊಂಡು, ಆಮೇಲೆ ಮನಿಯಾರ್ಡರ್ ಯಾರ ಹೆಸರಿಗೆ ಬರುತ್ತಿತ್ತು ಎಂದು ವಿಚಾರಿಸಿ. ಹಣ ಮಾವನ ಕೈಸೇರುತ್ತಿದ್ದ ಮನೆಯಲ್ಲೂ ಸೊಸೆಯ ಕೈಗೇ ಬರುತ್ತಿದ್ದ ಮನೆಯಲ್ಲೂ ಹೆಂಗಸಿನ ಬದುಕು ಒಂದೇ ಬಗೆಯದ್ದಾಗಿರಲಾರದು. ನನ್ನ ಮಟ್ಟಿಗೆ ಇಡೀ ಸಂದರ್ಶನದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿಲ್ಲ.

ತಾಯಿಯ ತಲೆಮಾರಿನವರೊಂದಿಗೆ ಕ್ವಾರ್ಟರ್ಸ್ ಜೀವನದ ಬಗ್ಗೆಯೂ, ಗಂಡನಿಗೆ ಫೀಲ್ಡ್ ಪೋಸ್ಟಿಂಗ್ (ಸಂಸಾರವನ್ನು ಜೊತೆಗಿಟ್ಟುಕೊಳ್ಳಲಾಗದ ಕಡೆಗೆ ನಿಯೋಜನೆ) ಆದಾಗ ಊರಿಗೆ ಮರಳಬೇಕಾಗಿದ್ದುದರ ಬಗ್ಗೆಯೂ ಮಾತಾಡಿ.

ವಿಧವೆಯರ ವಿಷಯದಲ್ಲಿ ಅವಸರ ಸಲ್ಲದು. ಪಿಂಚಣಿ, ಭತ್ಯೆಗಳ ನಿಯಮಗಳು ಅವರ ಮದುವೆಯ ನಿರ್ಧಾರದವರೆಗೂ ಕೈಚಾಚಿದ್ದುಂಟು: ಶೌರ್ಯ ಪ್ರಶಸ್ತಿ ಪಡೆದವರ ಪತ್ನಿಗೆ ಸಲ್ಲುತ್ತಿದ್ದ ಮಾಸಿಕ ಭತ್ಯೆ, ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು; ಮೃತ ಪತಿಯ ಸಹೋದರನನ್ನೇ ವರಿಸಿದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯವು ಈ ಷರತ್ತನ್ನು ತೆಗೆದುಹಾಕಿದ್ದು 2017ರಲ್ಲಿ. ಇಂಥ ಪ್ರಶ್ನೆಯನ್ನು ಮನೆಯವರೆಲ್ಲ ಕುಳಿತಿರುವಾಗ ಎತ್ತಬಾರದು.

ಮೊಮ್ಮಗಳ ಎದುರು ಬೇರೆಯೇ ದಾರಿಗಳಿವೆ. ವೈದ್ಯಕೀಯ ಮತ್ತು ಶುಶ್ರೂಷಾ ಸೇವೆಗಳಾಚೆ ಸೇನೆ ಮಹಿಳಾ ಅಧಿಕಾರಿಗಳನ್ನು ಸೇರಿಸಿಕೊಳ್ಳತೊಡಗಿದ್ದು 1992ರಲ್ಲಿ. ಅವರಿಗೆ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಕಾಯಂ ಅಧಿಕಾರಿ ಹುದ್ದೆ) ಕೊಡುವ ಕುರಿತ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2020ರ ಫೆಬ್ರವರಿಯಲ್ಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹುಡುಗಿಯರ ಮೊದಲ ತಂಡ ಸೇರಿದ್ದು 2022ರಲ್ಲಿ. ಸೇನೆಗೆ ಸೇರಬೇಕೆಂಬ ಆಸೆಯನ್ನಷ್ಟೇ ಅಲ್ಲ, ಸೈನಿಕನನ್ನು ಮದುವೆಯಾಗಲಾರೆ ಎಂಬ ಮಾತನ್ನೂ ಅಷ್ಟೇ ನಿಷ್ಠೆಯಿಂದ ಬರೆದುಕೊಳ್ಳಿ. ಎರಡರ ಹಿಂದೆಯೂ ತಾಯಿ ಕಾದ ವರ್ಷಗಳಿರಬಹುದು.

ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡವೆಂದ ಭಾಗವನ್ನು ತೆಗೆಯಿರಿ. ದಾಖಲೆಗಳ ಚಿತ್ರ ತೆಗೆಯುವಾಗ ಪಿಂಚಣಿ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಮುಚ್ಚಿಡಿ.